ನೋಡೋಕೆ ಕನ್ನಡ, ಕೇಳೋಕೆ ಕಲಸುಮೇಲೋಗರ: ನಿಮ್ಮ ನೋಟ್ಸ್ ಎಲ್ಲರಿಗೂ ಓದಕ್ಕೆ ಬರತ್ತಾ?

ಮೆಟ್ರೋದಲ್ಲಿ ಕಂಬಿ ಹಿಡ್ಕೊಂಡು ನಿಂತು ಕೇಳ್ತಿದ್ದೀರೋ, ಪಿಜಿ ಟೆರೇಸ್ ಮೇಲೆ ಬಟ್ಟೆ ಒಣಗಿ ಹಾಕ್ತಾ ಕೇಳ್ತಿದ್ದೀರೋ, ಎಲ್ಲೇ ಇದ್ರೂ ಒಂದಿಪ್ಪತ್ತು ನಿಮಿಷ ಜೊತೆಗಿರಿ. ಇವತ್ತು ಹೊಸ ಆ್ಯಪ್ ಪರಿಚಯ ಇಲ್ಲ. ನಿಮ್ಮ ಹತ್ರ ಈಗಾಗಲೇ ಇರೋ ವರ್ಡ್, ಪವರ್‌ಪಾಯಿಂಟ್, ಗೂಗಲ್ ಡಾಕ್ಸ್ ಇವೆಯಲ್ಲ, ಇವುಗಳ ಒಳಗೇ ಕೆಲವು ಸೌಲಭ್ಯಗಳನ್ನ ಮಾಡಿಟ್ಟಿದ್ದಾರೆ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಓದೋವಾಗ ಅಕ್ಷರಗಳು ಅದಲುಬದಲಾಗೋರಿಗೆ, ಕೈಯಲ್ಲಿ ಬರೆಯೋದು ಕಷ್ಟ ಇರೋರಿಗೆ ಅಂತ ಮಾಡಿರೋವು. ಇಂಗ್ಲಿಷಲ್ಲಿ ಆಕ್ಸೆಸಿಬಿಲಿಟಿ ಅಂತಾರೆ. ನಾನು ಸರಳವಾಗಿ ‘ಎಲ್ಲರಿಗೂ ಎಟುಕೋ ಹಾಗೆ ಮಾಡೋದು’ ಅಂತೀನಿ.

ಜಯನಗರ, ಜೆ.ಪಿ. ನಗರದ ಸುತ್ತಮುತ್ತ ಟೀಚರ್‌ಗಳಿಗೆ, ಡಿಗ್ರಿ ಓದೋ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡೋದು ನನ್ನ ಕೆಲಸ. ಅಲ್ಲಿ ನನಗೆ ಅರ್ಥ ಆಗಿರೋ ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ. ಓದಿ ಹೇಳೋ ತಂತ್ರಜ್ಞಾನ ಎಲ್ಲರ ಫೋನಿಗೂ ಬಂದಾಯ್ತು. ಅದು ಓದಬಲ್ಲ ಹಾಗೆ ಫೈಲು ತಯಾರು ಮಾಡೋದು ಮಾತ್ರ ನಮಗಿನ್ನೂ ರೂಢಿ ಆಗಿಲ್ಲ.

ಕನ್ನಡದ ಹಾಗೆ ಕಾಣೋ ಫೈಲು

ಒಂದು ಉದಾಹರಣೆ ಕೊಡ್ತೀನಿ. ಬನಶಂಕರಿ ಕಡೆ ಪಿಜಿಯಲ್ಲಿದ್ದುಕೊಂಡು ಬಿ.ಎ. ಓದ್ತಿರೋ ಒಬ್ಬ ಹುಡುಗಿ ನನಗೆ ಪರಿಚಯ. ಅವಳಿಗೆ ಕಣ್ಣು ಕಾಣಲ್ಲ. ಫೋನಲ್ಲಿ ಟಾಕ್‌ಬ್ಯಾಕ್ ಹಾಕ್ಕೊಂಡು ಮೆಸೇಜು, ನ್ಯೂಸು, ಯುಪಿಐ ಎಲ್ಲಾ ನನಗಿಂತ ಬೇಗ ಮಾಡ್ತಾಳೆ. ಒಂದು ಇಂಟರ್ನಲ್ಸ್‌ಗೆ ಎರಡು ದಿನ ಮುಂಚೆ ಅವರ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಕನ್ನಡ ನೋಟ್ಸ್ ಬಂತು. ಮೂವತ್ತೆಂಟು ಪುಟದ ಪಿಡಿಎಫ್. ಉಳಿದವರೆಲ್ಲ ಥ್ಯಾಂಕ್ಯೂ ಸರ್ ಅಂತ ಕೈ ಮುಗಿಯೋ ಇಮೋಜಿ ಹಾಕಿದ್ರು. ಇವಳು ಫೈಲು ತೆಗೆದ್ರೆ ಫೋನು ಏನೋ ಒದರೋಕೆ ಶುರು ಮಾಡ್ತು. ಪಿ, ಎ, ಪೌಂಡ್, ಎ, ಕ್ಯೂ, ಎ. ಮೂವತ್ತೆಂಟು ಪುಟವೂ ಹಾಗೇ. ನನಗೆ ಫೋನ್ ಮಾಡಿ, “ಸರ್, ಇದು ಕನ್ನಡ ನೋಟ್ಸ್ ಅಂತೆ, ನನ್ನ ಫೋನಿಗೆ ಮಾತ್ರ ಅದು ಗೊತ್ತಿಲ್ಲ” ಅಂದ್ಲು.

ಫೋನು ಕೆಟ್ಟಿರಲಿಲ್ಲ. ಆ ಫೈಲಲ್ಲಿ ನಿಜಕ್ಕೂ ಕನ್ನಡ ಇರಲಿಲ್ಲ.

ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಂಪ್ಯೂಟರಿಗೆ ಅಕ್ಷರದ ಆಕಾರ ಗೊತ್ತಿರಲ್ಲ, ನಂಬರ್ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ ಎ ಅಂದ್ರೆ 65. ತೊಂಬತ್ತರ ದಶಕದಲ್ಲಿ ನಮ್ಮ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರಗಳಿಗೆ ಅಂತ ಬಳಕೆಯಲ್ಲಿರೋ ನಂಬರ್ ಇರಲಿಲ್ಲ. ಆಗ ನಮ್ಮೋರು ಒಂದು ಉಪಾಯ ಮಾಡಿದ್ರು. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ನಂಬರಿಗೇ ಕನ್ನಡದ ಆಕಾರ ತೊಡಿಸಿದ್ರು. ನುಡಿ ಹಳೇ ಫಾಂಟಲ್ಲಿ ‘ಕ’ ಅಂತ ಕಾಣೋದು ಒಳಗಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಒಂದು ಎ. ‘ನ’ ಅಂತ ಕಾಣೋದು ಪೌಂಡ್ ಚಿಹ್ನೆ, ಮತ್ತೆ ಅದೇ ಎ. ನೋಡೋ ಕಣ್ಣಿಗೆ ಅಪ್ಪಟ ಕನ್ನಡ. ಒಳಗಿನ ನಂಬರ್ ನೋಡಿ ಓದೋ ಯಂತ್ರಕ್ಕೆ ಪಿ, ಎ, ಪೌಂಡ್.

ಇದನ್ನ ಮಾಡಿದೋರನ್ನ ದೂರೋ ಹಾಗಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿ ಕೊಡ್ತು. ಕನ್ನಡದಲ್ಲಿ ಒಂದು ಅರ್ಜಿ, ಒಂದು ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಆಗಿದ್ದೇ ಇವುಗಳಿಂದ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಯೂನಿಕೋಡ್ ಅನ್ನೋ ವ್ಯವಸ್ಥೆ 1991ರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ನಂಬರ್ ಕೊಟ್ಟಿತ್ತು. ಅದರಲ್ಲಿ ‘ಕ’ ಅಂದ್ರೆ 3221, ಜಗತ್ತಿನ ಯಾವ ಫೋನಲ್ಲಿ ತೆಗೆದ್ರೂ ಅದು ‘ಕ’ನೇ. 2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೆ ಯೂನಿಕೋಡ್ ಕನ್ನಡ ವಿಂಡೋಸ್ ಒಳಗೂ ಬಂತು. ನುಡಿ, ಬರಹ ಎರಡೂ ಆಮೇಲೆ ಯೂನಿಕೋಡ್ ಕಲಿತವು. ಆದ್ರೆ ಡಿಟಿಪಿ ಅಂಗಡಿ, ಪ್ರೆಸ್ಸು, ಹಳೇ ಪೇಜ್‌ಮೇಕರ್ ಇವೆಲ್ಲ ಹಳೇ ಫಾಂಟಲ್ಲೇ ಉಳಿದವು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಹಿಡಿಸಲ್ಲ. ಮೇಷ್ಟ್ರ ಹತ್ರ ಹದಿನೈದು ವರ್ಷದ ಹಿಂದೆ ಟೈಪ್ ಮಾಡಿಸಿದ ನೋಟ್ಸ್ ಇರತ್ತೆ, ಪ್ರತಿ ವರ್ಷ ಅದೇ ಫೈಲು ಗ್ರೂಪಿಂದ ಗ್ರೂಪಿಗೆ ಹೋಗ್ತಾ ಇರತ್ತೆ.

ನಿಮ್ಮ ಹತ್ರ ಇರೋ ಫೈಲು ಯಾವ ಜಾತಿಯದು ಅಂತ ಕಂಡುಹಿಡಿಯೋದು ಹತ್ತು ಸೆಕೆಂಡಿನ ಕೆಲಸ. ಅದರಿಂದ ಒಂದು ಸಾಲು ಕಾಪಿ ಮಾಡಿ, ವಾಟ್ಸ್‌ಆ್ಯಪಲ್ಲಿ ನಿಮಗೆ ನೀವೇ ಮೆಸೇಜ್ ಕಳಿಸ್ಕೊಳ್ಳಿ. ಕನ್ನಡ ಕನ್ನಡವಾಗೇ ಬಂದ್ರೆ ಯೂನಿಕೋಡ್. ಪೌಂಡು, ಗೀಟು ಹಾಕಿದ ಎ ಎಲ್ಲ ಸಾಲಾಗಿ ಬಂದ್ರೆ ಹಳೇ ಫಾಂಟು. ಕಾಪಿಯೇ ಆಗದಿದ್ರೆ ಅದು ಬರೀ ಫೋಟೋ.

ಹಳೇ ಫಾಂಟಿನ ಫೈಲನ್ನ ಯೂನಿಕೋಡಿಗೆ ಬದಲಾಯಿಸೋಕೆ ಪರಿವರ್ತಕಗಳಿವೆ. ನುಡಿ ಮತ್ತು ಬರಹದ ಜೊತೆಗೇ ಬರತ್ತೆ, ಆನ್‌ಲೈನಲ್ಲಿ ಉಚಿತವಾದವೂ ಸಿಗತ್ತೆ. ಒಂದು ಕಡೆ ಹಾಕಿದ್ರೆ ಇನ್ನೊಂದು ಕಡೆ ಬರತ್ತೆ. ನೂರಕ್ಕೆ ನೂರು ಸರಿ ಬರಲ್ಲ, ಒತ್ತಕ್ಷರ, ಅರ್ಕಾವತ್ತು ಆಗಾಗ ಎಡವುತ್ತವೆ. ಹಾಗಾಗಿ ಒಂದ್ಸಲ ಕಣ್ಣಾಡಿಸಬೇಕು. ಆ ಹುಡುಗಿ ವಿಷಯದಲ್ಲಿ ಆಗಿದ್ದೂ ಅದೇ. ಅವಳ ಮೂರು ಜನ ಕ್ಲಾಸ್‌ಮೇಟುಗಳು ಪುಟ ಹಂಚ್ಕೊಂಡು ಪರಿವರ್ತನೆ ಮಾಡಿ, ಒತ್ತುಗಳನ್ನ ತಿದ್ದಿ, ರಾತ್ರಿ ಹತ್ತೂವರೆಗೆ ಫೈಲು ಕಳಿಸಿದ್ರು. ಮಾರನೇ ದಿನ ಪೂರ್ತಿ ಕೂತು ಕೇಳಿ ಓದಿದ್ಲು. ಮಜಾ ಅಂದ್ರೆ, ತಿದ್ದೋಕೆ ಕೂತ ಮೂವರೂ “ನಮಗೂ ಓದಿದ ಹಾಗಾಯ್ತು” ಅಂದ್ರು.

ಒಂದು ವಿಷಯದಲ್ಲಿ ನಿಮ್ಮ ತಲೆಮಾರು ಪುಣ್ಯವಂತರು. ಫೋನಿನ ಕೀಬೋರ್ಡಲ್ಲಿ ನೀವು ಟೈಪ್ ಮಾಡೋ ಕನ್ನಡ ಎಲ್ಲಾ ಯೂನಿಕೋಡೇ. ನೀವು ಹೊಸದಾಗಿ ನೋಟ್ಸ್ ಮಾಡಿದ್ರೆ ಈ ತಾಪತ್ರಯ ಹುಟ್ಟೋದೇ ಇಲ್ಲ.

ದಪ್ಪ ಮಾಡಿದ್ರೆ ಹೆಡಿಂಗ್ ಆಗಲ್ಲ

ಈಗ ಅಕ್ಷರ ಸರಿಯಾಯ್ತು ಅಂದ್ಕೊಳ್ಳಿ. ಮುಂದಿನದು ಶೀರ್ಷಿಕೆ.

ಆರ್.ವಿ. ರೋಡಲ್ಲಿ ಹಳದಿ ಮಾರ್ಗದ ರೈಲು ಹತ್ತಿದ್ರೆ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ಲೇಔಟ್ ಅಂತ ಒಂದೊಂದೇ ನಿಲ್ದಾಣದ ಹೆಸರು ಹೇಳ್ತಾ ಹೋಗತ್ತೆ. ಕಣ್ಣು ಕಾಣದವರು ಅದನ್ನ ಕೇಳ್ಕೊಂಡು ತಮ್ಮ ಸ್ಟೇಷನಲ್ಲಿ ಇಳೀತಾರೆ, ಪ್ಲಾಟ್‌ಫಾರ್ಮ್ ಮೇಲೆ ಉಬ್ಬು ಉಬ್ಬಾದ ಹಳದಿ ಪಟ್ಟಿ ಹಿಡಿದು ಹೊರಗೆ ಹೋಗ್ತಾರೆ. ಹೆಸರೇ ಹೇಳದೆ ರೈಲು ಓಡಿದ್ರೆ ಏನು ಗತಿ? ಬಾಗಿಲು ತೆಗೆದಾಗಲೆಲ್ಲ ಇದ್ಯಾವ ಸ್ಟೇಷನ್ ಅಂತ ಪಕ್ಕದವರನ್ನ ಕೇಳಬೇಕು.

ನಾವು ಮಾಡೋ ನೋಟ್ಸ್ ಬಹುಪಾಲು ಆ ಹೆಸರು ಹೇಳದ ರೈಲಿನ ಥರ. ಅಧ್ಯಾಯದ ಹೆಸರು ಬರೆದು, ಬೋಲ್ಡ್ ಮಾಡಿ, ಸೈಜು ದೊಡ್ಡದು ಮಾಡಿ, ಅಡಿಗೆರೆ ಎಳೀತೀವಿ. ಕಣ್ಣಿಗೆ ಅದು ಹೆಡಿಂಗ್. ಓದಿ ಹೇಳೋ ಸಾಫ್ಟ್‌ವೇರಿಗೆ ಅದೂ ಒಂದು ಸಾಲು ಅಷ್ಟೇ. ಅರವತ್ತು ಪುಟದ ನೋಟ್ಸಲ್ಲಿ ನಾಲ್ಕನೇ ಅಧ್ಯಾಯ ಬೇಕಂದ್ರೆ ಮೊದಲಿಂದ ಕೇಳ್ತಾ ಬರಬೇಕು.

ಇದಕ್ಕೆ ಪರಿಹಾರ ಸ್ಟೈಲ್ಸ್. ವರ್ಡಲ್ಲಿ ಹೋಮ್ ಟ್ಯಾಬಲ್ಲೇ ಇದೆ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಒಳಗಿನ ಭಾಗಕ್ಕೆ ಹೆಡಿಂಗ್ 2. ಕೀಬೋರ್ಡಲ್ಲಾದ್ರೆ ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದ್ರೆ ಆಯ್ತು. ಗೂಗಲ್ ಡಾಕ್ಸಲ್ಲೂ ಅದೇ ಕೀ. ಫೋನಿನ ಡಾಕ್ಸ್ ಆ್ಯಪಲ್ಲಿ ಮೇಲಿರೋ ಎ ಗುರುತು ಒತ್ತಿ, ಸ್ಟೈಲ್ ಅನ್ನೋದ್ರಲ್ಲಿ ಹುಡುಕಿ. ಹೀಗೆ ಮಾಡಿದ ಫೈಲನ್ನ ಎನ್‌ವಿಡಿಎ ಬಳಸೋರು ಬ್ರೌಸ್ ಮೋಡಲ್ಲಿ ಎಚ್ ಕೀ ಒತ್ತಿ ಒಂದು ಹೆಡಿಂಗಿಂದ ಇನ್ನೊಂದಕ್ಕೆ ಹಾರ್ತಾರೆ. ಎನ್‌ವಿಡಿಎ ಅಂದ್ರೆ ವಿಂಡೋಸಿಗೆ ಸಿಗೋ ಉಚಿತ ಸ್ಕ್ರೀನ್ ರೀಡರ್. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಜೇಮ್ಸ್ ಟೆಹ್ ಜೊತೆಯಾದ್ರು. ಇಬ್ಬರೂ ಅಂಧರು. ಇ-ಸ್ಪೀಕ್ ಅನ್ನೋ ಧ್ವನಿ ಅದರ ಜೊತೆಗೇ ಬರತ್ತೆ, ಅದಕ್ಕೆ ಕನ್ನಡವೂ ಗೊತ್ತು. ಸ್ವಲ್ಪ ರೋಬೋ ಥರ ಕೇಳತ್ತೆ, ಆದ್ರೂ ಕನ್ನಡವೇ.

ಕಣ್ಣು ಕಾಣೋ ನಮಗೆ ಇದರಿಂದ ಏನು ಲಾಭ ಅಂತೀರಾ? ನ್ಯಾವಿಗೇಷನ್ ಪೇನ್ ತೆಗೆದ್ರೆ ಅಧ್ಯಾಯಗಳ ಪಟ್ಟಿ ಎಡಗಡೆ ಸಿಗತ್ತೆ. ಪ್ರಾಜೆಕ್ಟ್ ರಿಪೋರ್ಟಿಗೆ ಪರಿವಿಡಿ ತಾನಾಗೇ ತಯಾರಾಗತ್ತೆ. ಸಬ್ಮಿಷನ್ ಹಿಂದಿನ ರಾತ್ರಿ ಪುಟ ಸಂಖ್ಯೆ ಎಣಿಸ್ತಾ ಕೂತೋರಿಗೆ ಇದರ ಬೆಲೆ ಗೊತ್ತಿರತ್ತೆ.

ಇದೇ ಜಾಗದಲ್ಲಿ ಪಿಡಿಎಫ್ ವಿಷಯ ಒಂದು ಮಾತು. ವರ್ಡಿಂದ ಪಿಡಿಎಫ್ ಮಾಡೋವಾಗ ಸೇವ್ ಆ್ಯಸ್ ಅಥವಾ ಎಕ್ಸ್‌ಪೋರ್ಟ್ ಬಳಸಿ. ಪ್ರಿಂಟ್‌ಗೆ ಹೋಗಿ ಅಲ್ಲಿಂದ ಪಿಡಿಎಫ್ ಮಾಡಿದ್ರೆ ನೀವು ಹಾಕಿದ ಹೆಡಿಂಗು, ಚಿತ್ರದ ವಿವರಣೆ ಎಲ್ಲ ಉದುರಿಹೋಗತ್ತೆ. ಹಾಳೆ ಮೇಲೆ ಎರಡೂ ಒಂದೇ ಥರ ಕಾಣತ್ತೆ, ಒಳಗಿನ ಚೌಕಟ್ಟು ಮಾತ್ರ ಇರಲ್ಲ.

ಚಿತ್ರಕ್ಕೊಂದು ಮಾತು

ಮೂರನೆಯದು ಚಿತ್ರ. ವರ್ಡು, ಪವರ್‌ಪಾಯಿಂಟು, ಡಾಕ್ಸು ಎಲ್ಲದರಲ್ಲೂ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಆಲ್ಟ್ ಟೆಕ್ಸ್ಟ್ ಅನ್ನೋ ಆಯ್ಕೆ ಸಿಗತ್ತೆ. ಅಲ್ಲಿ ನೀವು ಬರೆದದ್ದನ್ನ ಸ್ಕ್ರೀನ್ ರೀಡರ್ ಓದಿ ಹೇಳತ್ತೆ. ಏನು ಬರೀಬೇಕು ಅನ್ನೋದೇ ಪ್ರಶ್ನೆ.

ಭೂಗೋಳದ ನೋಟ್ಸಲ್ಲಿ ನದಿಗಳ ನಕ್ಷೆ ಇದೆ ಅಂತಿಟ್ಕೊಳ್ಳಿ. ‘ನಕ್ಷೆ’ ಅಂತ ಬರೆದ್ರೆ ಏನೂ ಹೇಳಿದ ಹಾಗಾಗಲ್ಲ. ‘ಕರ್ನಾಟಕದ ಬಣ್ಣದ ನಕ್ಷೆ, ನೀಲಿ ಗೆರೆಗಳಿವೆ’ ಅಂದ್ರೂ ಪರೀಕ್ಷೆಗೆ ಉಪಯೋಗ ಇಲ್ಲ. ‘ಕರ್ನಾಟಕದ ನದಿಗಳ ನಕ್ಷೆ. ಕೃಷ್ಣಾ, ಕಾವೇರಿ ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿ ಸೇರುತ್ತವೆ. ಕಾಳಿ, ಶರಾವತಿ, ನೇತ್ರಾವತಿ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತವೆ’ ಅಂತ ಬರೆದ್ರೆ ಪಾಠ ತಲುಪಿತು. ಆ ಚಿತ್ರ ಆ ಪುಟದಲ್ಲಿ ಯಾವ ಕೆಲಸಕ್ಕೆ ಇದೆಯೋ ಅದನ್ನ ಎರಡು ಸಾಲಲ್ಲಿ ಹೇಳಿ. ಬರೀ ಅಲಂಕಾರದ ಹೂವು, ಬಾರ್ಡರ್ ಆದ್ರೆ ‘ಡೆಕೊರೇಟಿವ್’ ಅಂತ ಗುರುತು ಹಾಕೋಕೆ ವರ್ಡಲ್ಲಿ ಒಂದು ಬಾಕ್ಸ್ ಇದೆ. ಸ್ಕ್ರೀನ್ ರೀಡರ್ ಅದನ್ನ ಬಿಟ್ಟು ಮುಂದೆ ಹೋಗತ್ತೆ.

ಗಣಿತ, ವಿಜ್ಞಾನದೋರಿಗೆ ಒಂದು ಸೂಚನೆ. ಸಮೀಕರಣನ ಫೋಟೋ ತೆಗೆದು ಅಂಟಿಸಬೇಡಿ. ವರ್ಡಲ್ಲಿ ಆಲ್ಟ್ ಮತ್ತು ಈಕ್ವಲ್ಸ್ ಚಿಹ್ನೆ ಒಟ್ಟಿಗೆ ಒತ್ತಿದ್ರೆ ಸಮೀಕರಣ ಬರೆಯೋ ಜಾಗ ತೆರೆಯತ್ತೆ. ಅಲ್ಲಿ ಬರೆದದ್ದನ್ನ ಗಣಿತ ಓದೋ ಸಾಫ್ಟ್‌ವೇರುಗಳು ಅರ್ಥ ಮಾಡ್ಕೊಳ್ತವೆ. ಕಣ್ಣು ಕಾಣದ ಮಕ್ಕಳಿಗೆ ಗಣಿತ, ವಿಜ್ಞಾನ ಆಗಲ್ಲ ಅಂತ ಕಲಾ ವಿಭಾಗಕ್ಕೆ ತಳ್ಳೋ ರೂಢಿ ನಮ್ಮಲ್ಲಿದೆ. ಎಷ್ಟೋ ಸಲ ಅಲ್ಲಿ ಅಡ್ಡ ಬಂದಿರೋದು ಮಗುವಿನ ಬುದ್ಧಿಯಲ್ಲ, ಓದೋಕೆ ಬಾರದ ಪುಸ್ತಕ.

ಇನ್ನು ಕೈಬರಹದ ನೋಟ್ಸು. ಕ್ಲಾಸಲ್ಲಿ ಚೆನ್ನಾಗಿ ಬರ್ಕೊಳ್ಳೋ ಒಬ್ಬರ ನೋಟ್‌ಬುಕ್ಕು ಫೋಟೋ ಆಗಿ ಇಡೀ ಗ್ರೂಪಿಗೆ ಬರತ್ತೆ, ಜೆರಾಕ್ಸ್ ಅಂಗಡಿಗೂ ಹೋಗತ್ತೆ. ಅಚ್ಚಾದ ಪುಟದ ಫೋಟೋ ಆದ್ರೆ ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸಲ್ಲಿ ತೆಗೀರಿ ಅಂದ್ರೆ ಕನ್ನಡ ಅಕ್ಷರಗಳನ್ನ ಗುರುತಿಸಿ ಟೈಪ್ ಮಾಡಿ ಕೊಡತ್ತೆ. ಸೊಟ್ಟ ಫೋಟೋ, ಎರಡು ಕಾಲಮ್ಮಿನ ಪುಟ ಆದ್ರೆ ತಪ್ಪುಗಳು ಜಾಸ್ತಿ. ಕೈಬರಹಕ್ಕೆ ಇದನ್ನ ನೆಚ್ಚಿಕೊಳ್ಳೋ ಹಾಗಿಲ್ಲ. ಅದಕ್ಕೆ ಸುಲಭದ ದಾರಿ ವಾಯ್ಸ್ ನೋಟ್. ಫೋಟೋ ಹಾಕೋರು ಅದರ ಕೆಳಗೇ ಆ ಪುಟವನ್ನ ಓದಿ ಒಂದು ವಾಯ್ಸ್ ನೋಟ್ ಹಾಕಿ. ಒಂದು ಪುಟಕ್ಕೆ ಎರಡು ನಿಮಿಷ ಸಾಕು.

ಕಿವಿಗೆ, ಓದಿಗೆ, ಬರವಣಿಗೆಗೆ

ಇಷ್ಟೊತ್ತು ಕಣ್ಣಿನ ವಿಷಯ ಆಯ್ತು. ಕಿವಿ ಕೇಳದ ವಿದ್ಯಾರ್ಥಿ ಕ್ಲಾಸಲ್ಲಿದ್ರೆ? ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಿದ ಕೂಡಲೇ ತುಟಿ ನೋಡಿ ತಿಳ್ಕೊಳ್ಳೋದೂ ತಪ್ಪಿತು. ಮೈಕ್ರೋಸಾಫ್ಟ್ 365 ಇರೋ ಪವರ್‌ಪಾಯಿಂಟಲ್ಲಿ ಸ್ಲೈಡ್ ಶೋ ಟ್ಯಾಬಿಗೆ ಹೋದ್ರೆ ಸಬ್‌ಟೈಟಲ್ಸ್ ಆನ್ ಮಾಡೋ ಆಯ್ಕೆ ಇದೆ. ಇಂಗ್ಲಿಷಲ್ಲಿ ಪಾಠ ಮಾಡ್ತಾ ಇದ್ರೆ ಆಡಿದ ಮಾತು ಸ್ಲೈಡಿನ ಕೆಳಗೆ ಅಕ್ಷರವಾಗಿ ಮೂಡ್ತಾ ಹೋಗತ್ತೆ. ಗೂಗಲ್ ಸ್ಲೈಡ್ಸಲ್ಲಿ ಪ್ರೆಸೆಂಟ್ ಮಾಡೋವಾಗ ಕಂಟ್ರೋಲ್, ಶಿಫ್ಟ್, ಸಿ ಒತ್ತಿದ್ರೆ ಅದೇ ಕೆಲಸ. ಕನ್ನಡದಲ್ಲಿ ಪಾಠ ಆದ್ರೆ, ಗೂಗಲ್ 2019ರಲ್ಲಿ ತಂದ ಲೈವ್ ಟ್ರಾನ್ಸ್‌ಕ್ರೈಬ್ ಅನ್ನೋ ಉಚಿತ ಆ್ಯಪ್ ಆಂಡ್ರಾಯ್ಡ್ ಫೋನಲ್ಲಿ ಕನ್ನಡ ಮಾತನ್ನ ಅಕ್ಷರ ಮಾಡಿ ತೋರಿಸತ್ತೆ. ಫ್ಯಾನಿನ ಸದ್ದು, ಹಿಂದಿನ ಬೆಂಚಿನ ಗುಜುಗುಜು ಇದ್ರೆ ತಪ್ಪು ಬರತ್ತೆ. ಫೋನನ್ನ ಮೇಷ್ಟ್ರ ಮೇಜಿನ ಮೇಲೆ ಇಟ್ರೆ ಎಷ್ಟೋ ವಾಸಿ. ಸಂಜ್ಞಾ ಭಾಷೆಯ ಜಾಗವನ್ನ ಇದು ತುಂಬಲ್ಲ, ಆದ್ರೆ ಏನೂ ಇಲ್ಲದ ಕ್ಲಾಸಲ್ಲಿ ಒಂದು ಆಸರೆ.

ಸಬ್‌ಟೈಟಲ್ ಯಾರಿಗೆ ಬೇಕು ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಬಸ್ಸಲ್ಲಿ ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡೋರೆಲ್ಲ ಅದನ್ನೇ ಓದ್ತಾ ಇರ್ತೀರಿ.

ಇನ್ನೊಂದು ಗುಂಪಿನ ಬಗ್ಗೆ ನಾವು ಮಾತಾಡೋದೇ ಕಮ್ಮಿ. ಕಣ್ಣು ಚೆನ್ನಾಗಿರತ್ತೆ, ಬುದ್ಧಿ ಚುರುಕಾಗಿರತ್ತೆ, ಪುಟ ತೆಗೆದ ಕೂಡಲೇ ಸಾಲು ತಪ್ಪತ್ತೆ, ಅಕ್ಷರ ಹಿಂದುಮುಂದಾಗತ್ತೆ. ಡಿಸ್ಲೆಕ್ಸಿಯಾ ಇರೋ ಮಕ್ಕಳು. ಚಿಕ್ಕಂದಿನಿಂದ ‘ಸೋಮಾರಿ’, ‘ದಡ್ಡ’ ಅನ್ನಿಸ್ಕೊಂಡೇ ಬೆಳೆದಿರ್ತಾರೆ. ವರ್ಡಲ್ಲಿ ವ್ಯೂ ಟ್ಯಾಬ್ ಒಳಗೆ ಇಮ್ಮರ್ಸಿವ್ ರೀಡರ್ ಅಂತ ಇದೆ. ಅದನ್ನ ಒತ್ತಿದ್ರೆ ಸುತ್ತಲ ಗಲಾಟೆಯೆಲ್ಲ ಮಾಯ ಆಗಿ ಬರೀ ಪಠ್ಯ ಉಳಿಯತ್ತೆ. ಸಾಲುಗಳ ನಡುವೆ ಜಾಗ ಹೆಚ್ಚಿಸಬಹುದು, ಹಿನ್ನೆಲೆ ಬಣ್ಣ ಬದಲಾಯಿಸಬಹುದು, ಲೈನ್ ಫೋಕಸ್ ಹಾಕಿದ್ರೆ ಒಂದು, ಮೂರು ಅಥವಾ ಐದು ಸಾಲು ಮಾತ್ರ ಬೆಳಕಲ್ಲಿ ಇರತ್ತೆ. ಜೊತೆಗೆ ಓದಿಸ್ಕೊಂಡೂ ಕೇಳಬಹುದು. ಕನ್ನಡದ ವೆಬ್ ಪುಟ ಓದಿಸ್ಕೊಳ್ಳೋಕೆ ಎಡ್ಜ್ ಬ್ರೌಸರಿನ ರೀಡ್ ಅಲೌಡ್ ನೋಡಿ, ಅದರಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ಧ್ವನಿಗಳಿವೆ, ಕೇಳೋಕೆ ಹಿತವಾಗಿವೆ.

ಬರೆಯೋದು ಕಷ್ಟ ಇರೋರಿಗೆ ಗೂಗಲ್ ಡಾಕ್ಸಿನ ವಾಯ್ಸ್ ಟೈಪಿಂಗ್. 2017ರ ಆಗಸ್ಟಲ್ಲಿ ಗೂಗಲ್ ತನ್ನ ಧ್ವನಿ ಗುರುತಿಸೋ ವ್ಯವಸ್ಥೆಗೆ ಕನ್ನಡ ಸೇರಿಸಿತು. ಟೂಲ್ಸ್ ಮೆನುಗೆ ಹೋಗಿ ಭಾಷೆ ಕನ್ನಡ ಅಂತ ಆರಿಸಿ ಮಾತಾಡಿದ್ರೆ ಅದೇ ಬರ್ಕೊಂಡು ಹೋಗತ್ತೆ. ಮಂಡ್ಯದ ಕನ್ನಡ, ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಎಲ್ಲವನ್ನೂ ಒಂದೇ ಥರ ಹಿಡಿಯಲ್ಲ, ಸ್ವಲ್ಪ ನಿಧಾನಕ್ಕೆ ಮಾತಾಡಬೇಕು. ಅದು ಬರೆಯೋದು ಯೂನಿಕೋಡಲ್ಲಿ, ಹಾಗಾಗಿ ಅದನ್ನ ಇನ್ನೊಬ್ಬರ ಫೋನು ಓದಬಲ್ಲದು.

ಯಂತ್ರ ಹಿಡಿಯೋ ತಪ್ಪು, ಬಿಡೋ ತಪ್ಪು

ವರ್ಡಲ್ಲಿ, ಪವರ್‌ಪಾಯಿಂಟಲ್ಲಿ ರಿವ್ಯೂ ಟ್ಯಾಬಿಗೆ ಹೋದ್ರೆ ಚೆಕ್ ಆಕ್ಸೆಸಿಬಿಲಿಟಿ ಅಂತ ಒಂದು ಬಟನ್ ಇದೆ. ಒತ್ತಿ. ವಿವರಣೆ ಇಲ್ಲದ ಚಿತ್ರ, ಶೀರ್ಷಿಕೆ ಇಲ್ಲದ ಸ್ಲೈಡು, ಹಿನ್ನೆಲೆಯಲ್ಲಿ ಕರಗಿಹೋಗೋ ತಿಳಿ ಬಣ್ಣದ ಅಕ್ಷರ, ಕೋಷ್ಟಕದಲ್ಲಿ ಒಂದಕ್ಕೊಂದು ಸೇರಿಸಿಬಿಟ್ಟ ಮನೆಗಳು, ಎಲ್ಲ ಪಟ್ಟಿ ಮಾಡಿ ಬಲಗಡೆ ತೋರಿಸತ್ತೆ. ಸ್ಪೆಲ್ಲಿಂಗ್ ತಿದ್ದೋ ಹಾಗೇ ಇದನ್ನೂ ಒಂದೊಂದೇ ತಿದ್ದಬಹುದು.

ಆದ್ರೆ ಅದು ‘ಎಲ್ಲಾ ಸರಿ ಇದೆ’ ಅಂದ ಮಾತ್ರಕ್ಕೆ ನಂಬಬೇಡಿ. ನದಿ ನಕ್ಷೆಗೆ ನೀವು ‘ಚಿತ್ರ 1’ ಅಂತ ಆಲ್ಟ್ ಟೆಕ್ಸ್ಟ್ ಬರೆದಿದ್ರೂ ಅದಕ್ಕೆ ಸಮಾಧಾನವೇ. ಹಳೇ ನುಡಿ ಫಾಂಟಲ್ಲಿ ಮೂವತ್ತೆಂಟು ಪುಟ ಇದ್ರೂ ಅದು ತಕರಾರು ತೆಗೆಯಲ್ಲ, ಯಾಕಂದ್ರೆ ಪಿ, ಪೌಂಡು ಎಲ್ಲ ಅದರ ಲೆಕ್ಕಕ್ಕೆ ಒಳ್ಳೇ ಅಕ್ಷರಗಳೇ. ಸಿಯಾಟಲ್ ಹತ್ರ ಕೂತು ಆ ಬಟನ್ ಮಾಡಿದವರಿಗೆ ನಮ್ಮ ನುಡಿ, ಬರಹದ ಕಥೆ ತಲೆಗೆ ಬಂದಿರೋಕೆ ಸಾಧ್ಯ ಇಲ್ಲ. ಕನ್ನಡದ ಈ ತೊಡಕನ್ನ ಹಿಡಿದು ಬಿಡಿಸಬೇಕಾದೋರು ಕನ್ನಡದಲ್ಲಿ ನೋಟ್ಸ್ ಮಾಡೋ ನಾವೇ.

ಇದು ದಯೆಯ ಮಾತಲ್ಲ

ಕೆಲವರು ಕೇಳ್ತಾರೆ, ಒಬ್ಬರಿಗೋಸ್ಕರ ಇಷ್ಟೆಲ್ಲಾ ಯಾಕೆ ಅಂತ. ಮೊದಲನೇದಾಗಿ, ಒಬ್ಬರಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಆ ಗಣತಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗೆ ಪ್ರತ್ಯೇಕ ಲೆಕ್ಕವೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಅಂಗವೈಕಲ್ಯದ ಪಟ್ಟಿ ಏಳರಿಂದ ಇಪ್ಪತ್ತೊಂದಕ್ಕೆ ಹೋಯ್ತು, ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿ ಸೇರಿತು. ಧ್ವನಿ, ಮುದ್ರಣ, ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿರೋ ವಿಷಯ ಎಲ್ಲರಿಗೂ ಎಟುಕೋ ರೂಪದಲ್ಲಿ ಸಿಗೋ ಹಾಗೆ ಸರ್ಕಾರ ನೋಡ್ಕೋಬೇಕು ಅಂತ ಆ ಕಾಯ್ದೆಯ 42ನೇ ಸೆಕ್ಷನ್ ಹೇಳತ್ತೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಆ್ಯಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದವರು ಆನ್‌ಲೈನ್ ಕೆವೈಸಿ ಮಾಡೋಕಾಗದೆ ಹೊರಗುಳೀತಿದ್ದ ಪ್ರಕರಣ ಅದು. ಡಿಜಿಟಲ್ ಲೋಕಕ್ಕೆ ಪ್ರವೇಶ ಅನ್ನೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು.

ನಮ್ಮ ಏರಿಯಾದಲ್ಲಿ ಈ ಕೆಲಸ ಹೊಸದೇನಲ್ಲ. ಜೆ.ಪಿ. ನಗರ ಮೂರನೇ ಹಂತದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ 1969ರಿಂದ ನಡೀತಿದೆ. ಪಕ್ಕದ ಎಚ್ಎಸ್ಆರ್ ಲೇಔಟಲ್ಲಿ 1990ರಲ್ಲಿ ಶುರುವಾದ ಮಿತ್ರ ಜ್ಯೋತಿ ಇದೆ, 1997ರಲ್ಲಿ ಶುರುವಾದ ಸಮರ್ಥನಂ ಇದೆ. ಪುಸ್ತಕ ಓದಿ ಧ್ವನಿಮುದ್ರಣ ಮಾಡೋದು, ಬ್ರೈಲಿಗೆ ತರೋದು, ಕಂಪ್ಯೂಟರ್ ತರಬೇತಿ, ಹೀಗೆ ಈ ಊರಲ್ಲಿ ತುಂಬಾ ಜನ ತುಂಬಾ ವರ್ಷದಿಂದ ದುಡಿದಿದ್ದಾರೆ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದಮೇಲೆ, ಅಂಗವಿಕಲರು ಓದೋಕೆ ಅಂತ ಪುಸ್ತಕವನ್ನ ಬೇರೆ ರೂಪಕ್ಕೆ ಬದಲಾಯಿಸೋಕೆ ಕಾನೂನಿನ ಅಡ್ಡಿಯೂ ಹೋಯ್ತು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯವೂ ಬಂತು.

ಆದ್ರೆ ಯೋಚನೆ ಮಾಡಿ. ಒಬ್ಬ ಸ್ವಯಂಸೇವಕ ಒಂದು ಪುಸ್ತಕ ಓದಿ ರೆಕಾರ್ಡ್ ಮಾಡೋಕೆ ವಾರಗಟ್ಟಲೆ ಕೂರಬೇಕು. ನಿಮ್ಮ ಕ್ಲಾಸಿನ ಗ್ರೂಪಿಗೆ ನಿನ್ನೆ ರಾತ್ರಿ ಬಂದ ನೋಟ್ಸನ್ನ, ನಾಳೆಯ ಟೆಸ್ಟಿನ ಒಳಗೆ ಯಾವ ಸಂಸ್ಥೆಯೂ ಧ್ವನಿ ಮಾಡಿ ಕೊಡೋಕಾಗಲ್ಲ. ಅದು ಫೈಲು ಮಾಡಿದವರ ಕೈಯಲ್ಲೇ ಆಗಬೇಕು. ಸರಿಯಾಗಿ ಮಾಡಿದ ಫೈಲಿದ್ರೆ ಅವರು ಯಾರನ್ನೂ ಕಾಯದೆ, ಯಾರ ಹತ್ರಾನೂ ‘ಸ್ವಲ್ಪ ಓದಿ ಹೇಳ್ತೀರಾ’ ಅಂತ ಕೇಳದೆ, ತಮಗೆ ಬೇಕಾದ ಹೊತ್ತಲ್ಲಿ ತಾವೇ ಓದ್ಕೊಳ್ತಾರೆ. ರಾತ್ರಿ ಹನ್ನೊಂದಕ್ಕೆ ಒಂದು ಪ್ಯಾರಾ ಮತ್ತೆ ಓದಬೇಕು ಅನ್ನಿಸಿದ್ರೆ ನೀವು ಯಾರನ್ನಾದ್ರೂ ಎಬ್ಬಿಸ್ತೀರಾ? ಅವರಿಗೂ ಎಬ್ಬಿಸೋ ಪರಿಸ್ಥಿತಿ ಬರಬಾರದು.

ಇವತ್ತು ಸಂಜೆ ಮಾಡೋಕೆ

ಕೊನೇದಾಗಿ ಮೂರು ಕೆಲಸ ಹೇಳ್ತೀನಿ. ಎಲ್ಲಾ ಸೇರಿ ಅರ್ಧ ಗಂಟೆ.

ಒಂದು, ಫೋನಿನ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ತೆಗೀರಿ. ಅಲ್ಲೇ ಶಾರ್ಟ್‌ಕಟ್ ಮೊದಲು ಆನ್ ಮಾಡ್ಕೊಳ್ಳಿ, ಇಲ್ಲದಿದ್ರೆ ಆಫ್ ಮಾಡೋಕೆ ಒದ್ದಾಡ್ತೀರಿ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಆನ್, ಮತ್ತೆ ಹಿಡಿದ್ರೆ ಆಫ್. ಒಂದು ಸಲ ಮುಟ್ಟಿದ್ರೆ ಅದೇನು ಅಂತ ಓದತ್ತೆ, ಎರಡು ಸಲ ತಟ್ಟಿದ್ರೆ ತೆರೆಯತ್ತೆ. ಐಫೋನಾದ್ರೆ ಅದೇ ಜಾಗದಲ್ಲಿ ವಾಯ್ಸ್‌ಓವರ್. ಕಣ್ಣು ಮುಚ್ಕೊಂಡು ಐದು ನಿಮಿಷ ನಿಮ್ಮ ಕ್ಲಾಸಿನ ಗ್ರೂಪು ಓದಿಸಿ ಕೇಳಿ. ಎಷ್ಟು ಸಲ ಬರೀ ‘ಫೋಟೋ, ಫೋಟೋ’ ಅಂತ ಕೇಳಿಸತ್ತೆ ಅಂತ ಎಣಿಸಿ.

ಎರಡು, ನೀವು ಮಾಡಿದ ಯಾವುದಾದ್ರೂ ಒಂದೇ ಒಂದು ಫೈಲು ತಗೊಳ್ಳಿ. ಒಂದು ಸಾಲು ಕಾಪಿ ಮಾಡಿ ಯೂನಿಕೋಡಾ ನೋಡಿ. ಹೆಡಿಂಗ್ ಹಾಕಿ. ಚಿತ್ರ ಇದ್ರೆ ಎರಡು ಸಾಲು ವಿವರಣೆ ಬರೀರಿ. ಚೆಕ್ ಆಕ್ಸೆಸಿಬಿಲಿಟಿ ಒತ್ತಿ. ಸೇವ್ ಆ್ಯಸ್ ಪಿಡಿಎಫ್.

ಮೂರು, ಕ್ಲಾಸ್ ರೆಪ್ಪಿಗೋ, ನಿಮಗೆ ಸಲುಗೆ ಇರೋ ಮೇಷ್ಟ್ರಿಗೋ ಒಂದು ಮಾತು ಹಾಕಿ. “ಸರ್, ನಿಮ್ಮ ಹಳೇ ನೋಟ್ಸ್ ಫೈಲು ಕೊಡಿ, ನಾವು ಯೂನಿಕೋಡ್ ಮಾಡಿ ಕೊಡ್ತೀವಿ” ಅಂತ ಕೇಳಿ ನೋಡಿ. ನಾನು ಕಂಡ ಮೇಷ್ಟ್ರುಗಳಲ್ಲಿ ಬೇಡ ಅಂದವರು ಯಾರೂ ಇಲ್ಲ. ಬಹಳಷ್ಟು ಜನರಿಗೆ ತಮ್ಮ ಫೈಲಲ್ಲಿ ಹೀಗೊಂದು ತೊಂದರೆ ಇದೆ ಅಂತಲೇ ಗೊತ್ತಿರಲ್ಲ, ಯಾಕಂದ್ರೆ ಅವರ ಸ್ಕ್ರೀನ್ ಮೇಲೆ ಅದು ಚೆನ್ನಾಗೇ ಕಾಣತ್ತೆ. ನಾಲ್ಕು ಜನ ಪುಟ ಹಂಚ್ಕೊಂಡ್ರೆ ಒಂದು ವಿಷಯದ ಇಡೀ ಸೆಮಿಸ್ಟರಿನ ನೋಟ್ಸ್ ಎರಡು ಭಾನುವಾರದಲ್ಲಿ ಮುಗಿಯತ್ತೆ. ಮುಂದಿನ ವರ್ಷ ಆ ಕ್ಲಾಸಿಗೆ ಯಾರು ಬರ್ತಾರೋ ನಿಮಗೆ ಗೊತ್ತಿಲ್ಲ. ಬಂದವರ ಫೋನು ಆ ಫೈಲನ್ನ ಓದಿದ್ರೆ ಸಾಕು.

ಮಾಡಿ ನೋಡಿ, ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ಬರೆದು ತಿಳಿಸಿ.